ಹಗೇವಿಗೆ ಇಳಿಸಿದ ದೀಪ

ಕಾಂಪೌಂಡರ್ ಪಾಲಾಕ್ಷನಿಗೆ ಕೋಳ ತೊಡಿಸಿದ್ದು ಅರಕಲಗೂಡಿನ ಖಾಸಗಿ ದವಾಖಾನೆಯೊಂದರ ಜಗಲಿಯ ಮೇಲೆಯೇ. ೧೯೪೪ರ ಆಗಸ್ಟ್. ರೋಗಿ ನಂಜಪ್ಪನಿಗೆ ಸುಣ್ಣದ ಮಾತ್ರೆ ಕೊಟ್ಟು, ನ್ಯುಮೋನಿಯದ ಸಲ್ಫಾ ಮಾತ್ರೆಗಳನ್ನು ಕದ್ದು ಮಾರಿದನೆಂಬ ಆರೋಪ.

"ಹತ್ತು ದಿನ ನುಂಗಿಸಿದೀನಿ. ನ್ಯುಮೋನಿಯ ಬಗ್ಗಲಿಲ್ಲ ಅಂದ್ರೆ ಮಾತ್ರೆಯೇ ಮೋಸ," ಎಂದರು ಡಾಕ್ಟರ್ ಪರಮಶಿವಯ್ಯ. ತಾವೇ ತಪ್ಪಿರಬಹುದೆಂಬ ಯೋಚನೆ ಆ ಜರಿಪೇಟದೊಳಕ್ಕೆ ಎಂದೂ ನುಸುಳಿದ್ದಿಲ್ಲ.

"ನನ್ನಾಳು ನಂಜಪ್ಪ ಸತ್ರೆ ಇವ್ನೇ ಕೊಲೆಗಾರ ಕಣ್ರೀ!" ದೂರು ಕೊಟ್ಟ ಪಟೇಲ ರುದ್ರಯ್ಯ ಎದೆ ಬಡಿದುಕೊಂಡ.

"ನಾಳೆ ಹಾಸನದ ಜೈಲಿಗೆ," ಎಂದ ಇನ್‌ಸ್ಪೆಕ್ಟರ್.

ಕಿರಿಯ ಡಾಕ್ಟರ್ ಪ್ರೇಮಕುಮಾರಿ ಕಂಬದ ಮರೆಯಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಆಳನ್ನು ಹತ್ತು ದಿನ ತಿರುಗಿ ನೋಡದವನಿಗೆ ಇದೆಂಥ ಕಣ್ಣೀರು?

* * *

ನಂಜಪ್ಪನ ಪಕ್ಕದ ಮಂಚದ ನ್ಯುಮೋನಿಯ ರೋಗಿ ದೇವರಾಜು ಅದೇ ಸೀಸೆಯ ಮಾತ್ರೆ ನುಂಗಿ ನಾಲ್ಕೇ ದಿನಕ್ಕೆ ಎದ್ದು ಕೂತಿದ್ದ. ಮಾತ್ರೆ ನಿಜ. ಹಾಗಾದರೆ ರೋಗವೇ ಬೇರೆ.

ಮೈಕ್ರೋಸ್ಕೋಪು ವರ್ಷಗಳಿಂದ ಪರಮಶಿವಯ್ಯನವರ ಪೇಟಕ್ಕೆ ಗೂಟವಾಗಿತ್ತು. ಪ್ರೇಮಕುಮಾರಿ ಪೇಟ ಕೆಳಗಿಟ್ಟಳು. ನಂಜಪ್ಪನ ಕಫಕ್ಕೆ, ಅದನ್ನು ತಿಳಿಯಾಗಿಸುವ ಪೊಟ್ಯಾಷ್ ಹನಿ ಬಿಟ್ಟು ನೋಡಿದಳು. ಕವಲೊಡೆದ ಎಳೆಗಳು. ಬೂಷ್ಟು! ಮತ್ತೆರಡು ಸಲ ಹೊಸ ಕಫ ನೋಡಿದಳು. ಅದೇ.

ಅವನ ತಲೆವಸ್ತ್ರ ಕೊಡವಿದಳು. ಮುಗ್ಗಲು ನಾತದ ಕಪ್ಪು ರಾಗಿ ಉದುರಿತು.

"ಎಲ್ಲಿಂದ ಬಂತು ನಂಜಪ್ಪ?"

"ಪಟೇಲ್ರು ಏಳ್ಬ್ಯಾಡ ಅಂದವ್ರೆ ಕಣವ್ವಾ. ಏಳಿದ್ರೆ ಮನೆ ಬಿಡಿಸ್ತಾರೆ."

ಸುಗ್ಗಿ ಇನ್ನೂ ದೂರ. ಆಗಸ್ಟಿನಲ್ಲಿ ಹಳೆಯ ರಾಗಿ ಸಿಗುವುದು ಹಗೇವಿನಲ್ಲಿ, ನೆಲದಡಿಯ ಕಣಜದಲ್ಲಿ. ಯುದ್ಧಕಾಲದ ಕಡ್ಡಾಯ ಧಾನ್ಯ, ಲೆವಿ, ಸರ್ಕಾರಕ್ಕೆ ಕೊಡಬೇಕಾದಾಗ "ನನ್ನ ಹಗೇವೆಲ್ಲ ಬರಿದು" ಎಂದು ಅಮಲ್ದಾರರ ಮುಂದೆ ಆಣೆಯಿಟ್ಟಿದ್ದವನು ಇದೇ ರುದ್ರಯ್ಯ.

* * *

ಬೆಳಿಗ್ಗೆ ಎಲ್ಲರೂ ಜಗಲಿಯಲ್ಲಿದ್ದರು.

"ಪಟೇಲರೇ, ಹಗೇವಿಗೆ ಆಳು ಇಳಿಸೋ ಮೊದಲು ದೀಪ ಬಿಟ್ಟು ನೋಡಬೇಕು," ಎಂದಳು ಪ್ರೇಮಕುಮಾರಿ. "ಕೂಲಿಮಠದ ಮಕ್ಕಳಿಗೂ ಗೊತ್ತು. ನಿಮಗೆ ಅಷ್ಟೂ ಬುದ್ಧಿ ಇಲ್ವಲ್ಲ!"

ಹೆಂಗಸಿನ ಬಾಯಲ್ಲಿ ದಡ್ಡನೆನಿಸಿಕೊಳ್ಳುವುದೇ? ರುದ್ರಯ್ಯ ಕೆರಳಿದ.

"ನಂಗೇಳ್ಕೊಡ್ತೀಯಾ? ದೀಪ ಬುಟ್ಟು, ಉರೀತದೆ ಅಂತ ನೋಡ್ಬುಟ್ಟೇ ಅವನ್ನ ಇಳಸಿದ್ದು ಕಣಮ್ಮಿ!"

ಇನ್‌ಸ್ಪೆಕ್ಟರ್ ತಲೆಯೆತ್ತಿದ. "ಯಾವ ಹಗೇವಿಗೆ, ಪಟೇಲ್ರೇ? ಎಲ್ಲಾ ಬರಿದು ಅಂದಿದ್ರಲ್ಲ?"

ರುದ್ರಯ್ಯ ಮೆಲ್ಲಗೆ ಜಗಲಿಯ ಮೆಟ್ಟಿಲ ಕಡೆಗೆ ಸರಿದ.

"ದೀಪ ಕೆಟ್ಟ ಗಾಳಿಯನ್ನ ತೋರಿಸುತ್ತೆ. ಬೂಷ್ಟಿನ ಧೂಳನ್ನಲ್ಲ," ಎಂದಳು ಪ್ರೇಮಕುಮಾರಿ. "ಅದು ಶ್ವಾಸಕೋಶದಲ್ಲಿ ಬೇರು ಬಿಟ್ಟಿದೆ. ಸಲ್ಫಾ ಅದಕ್ಕೆ ನಾಟೋದಿಲ್ಲ. ನ್ಯುಮೋನಿಯ ಅಲ್ಲ ಅಂತ ತಿಳಿದರೆ ಹಗೇವು ಬಯಲಾಗುತ್ತೆ. ಅದಕ್ಕೇ ಇವರು ಪಾಲಾಕ್ಷನ ಮೇಲೆ ಕಳವು ಹೊರಿಸಿದರು."

ಪರಮಶಿವಯ್ಯ ಗಂಟಲು ಸರಿಮಾಡಿಕೊಂಡರು. "ನನಗೂ ಮೊದಲಿಂದ ಅನುಮಾನ ಇತ್ತು."

"ತಮ್ಮ ಪೇಟ ಸಾರ್," ಎಂದು ಪ್ರೇಮಕುಮಾರಿ ಅದನ್ನು ಚಾಚಿದಳು. "ಇನ್ನು ಬೇರೆ ಗೂಟ ಹುಡುಕಿಕೊಳ್ಳಿ."

ಇನ್‌ಸ್ಪೆಕ್ಟರ್ ಕೋಳ ಕಳಚಿದ. ಪಾಲಾಕ್ಷ ಮಣಿಕಟ್ಟು ಉಜ್ಜಿಕೊಳ್ಳುತ್ತಾ ನೇರ ಔಷಧದ ಕಪಾಟಿಗೆ ನಡೆದ.

"ನಂಜಪ್ಪನ ಬೂಷ್ಟಿಗೆ ಅಯೊಡೈಡ್ ಎಷ್ಟು ಹನಿ, ಅಮ್ಮಾ?"