ಕೆಂಪು ಪಟ್ಟಿ ಕಟ್ಟಿದ ಸೈಕಲ್

"ಆ ನೀಲಿದು ಬ್ಯಾಡ್ರಿ. ಚೈನ್ ಕವರ್ ಇಲ್ಲ. ನಿಮ್ಮ ಪ್ಯಾಂಟು ತಿಂತದ."

ಬೆನ್ನ ಹಿಂದಿನಿಂದ ಬಂದ ಮಾತಿಗೆ ಪ್ರಸನ್ನಲಕ್ಷ್ಮಿ ಹ್ಯಾಂಡಲ್ ಬಿಡಲಿಲ್ಲ. ತಿರುಗಿ ನೋಡಿದಳು, ಅಷ್ಟೆ.

ಕೊಟ್ರಬಸಪ್ಪನ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ತನ್ನ ಸೈಕಲ್ಲಿನ ಪಂಕ್ಚರ್ ಮುಗಿಯಲೆಂದು ಕಾಯುತ್ತ ಕುಳಿತಿದ್ದ. ಅಂಗಿಯ ತೋಳಿಗೆಲ್ಲ ಜೀನ್ಸ್ ಬಟ್ಟೆಯ ಧೂಳು. ಹುಬ್ಬು ಕೂಡ ನೀಲಿ.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಇಲ್ರಿ."

"ಮತ್ತೆ?"

"ಕೇಳೋತನಕ ಕಾದ್ರ ಅಷ್ಟೊತ್ತಿಗೆ ಪ್ಯಾಂಟು ಹರಿದಿರ್ತದ್ರಿ."

ಕೊಟ್ರಬಸಪ್ಪ ನಕ್ಕ. ಪ್ರಸನ್ನಲಕ್ಷ್ಮಿಗೆ ಮೈಯೆಲ್ಲ ಉರಿಯಿತು.

ಬೆಳಿಗ್ಗೆಯಿಂದ ಎಲ್ಲರದೂ ಬುದ್ಧಿಮಾತೇ. ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ಲೇ ತಗೋ ಎಂದು ದೊಡ್ಡಮ್ಮ. ಗೇರ್ ಇರುವುದೇ ಈಗಿನ ಫ್ಯಾಷನ್ ಎಂದು ಕೊಟ್ರಬಸಪ್ಪ. ಸೈಕಲ್ಲೇ ಯಾಕೆ, ಸುಮ್ಮನೆ ಮನೆಗೆ ವಾಪಸ್ ಬಾ ಎಂದು ಮಡಕಶಿರದಿಂದ ಫೋನಿನಲ್ಲಿ ಅಣ್ಣ ಲೋಕನಾಥ್. ಅವಳಿಗೆ ಬೇಕಿದ್ದುದು ಸರಳ. ಸೀಟಿನ ಮೇಲೆ ಕೂತರೆ ಕಾಲು ನೆಲ ಮುಟ್ಟಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿಯಬೇಕು. ಊಟದ ಡಬ್ಬಿಗೊಂದು ಕ್ಯಾರಿಯರ್. ಈ ಹಳೆಯ ನೀಲಿ ಸೈಕಲ್ಲಿನಲ್ಲಿ ಅಷ್ಟೂ ಇತ್ತು. ಓಣಿಯಲ್ಲಿ ಒಂದು ಸುತ್ತು ಹೊಡೆದು ನೋಡಿಯೂ ಆಗಿತ್ತು.

ಚೈನ್ ಕವರ್ ಇಲ್ಲದ್ದು ಅವಳ ಕಣ್ಣಿಗೂ ಬಿದ್ದಿತ್ತು. ಒಂದು ಹಾಕಿಕೊಡಿ ಎಂದು ಕೇಳುವುದರಲ್ಲಿದ್ದಳು. ಈಗ ಹೇಗೆ ಕೇಳುವುದು? ಕೇಳಿದರೆ ಆ ನೀಲಿ ಹುಬ್ಬಿನವನು ಗೆದ್ದ ಹಾಗೆ...

ಕವರ್ ಇಲ್ಲದೆಯೇ ಕೊಂಡಳು. ಜೊತೆಗೆ, ಇದ್ದುದರಲ್ಲೇ ದಪ್ಪನೆಯ ಸರಪಳಿಯ ಬೀಗ ಆರಿಸಿದಳು.

ಆ ಸೈಕಲ್ಲಿನ ಮೇಲೆ ಅವಳ ದೊಡ್ಡ ಲೆಕ್ಕಾಚಾರವೇ ನಿಂತಿತ್ತು. ರಾಯದುರ್ಗದ ಜೀನ್ಸ್ ಯೂನಿಟ್ಟಿಗೆ ಹೊಸದಾಗಿ ಸೇರಿದ ಅವಳಿಗೆ ಹೊಲಿದ ಪ್ಯಾಂಟುಗಳ ತುದಿದಾರ ಕತ್ತರಿಸುವ ಕೆಲಸ. ಮಷಿನ್ನಿನ ಮೇಲೆ ಕೂತರೆ ಮಾತ್ರ ಟೈಲರ್. ತಿಂಗಳ ಕೊನೆಗೆ ಕಿಟಕಿ ಪಕ್ಕದ ಮಷಿನ್ ಖಾಲಿಯಾಗುತ್ತದೆ, ದಿನವೂ ಕೆಲಸದ ಬೆಲ್ಲಿಗೆ ಮೊದಲು ಬಂದವರಿಗೇ ಅದು ಎಂದು ಸೂಪರ್‌ವೈಸರ್ ನಾಗರತ್ನ ಹೇಳಿದ್ದಳು. ಆದರೆ ಅವಳು ಉಳಿದುಕೊಂಡಿದ್ದ ದೊಡ್ಡಮ್ಮನ ಮನೆಯ ಕಡೆಯ ಶೇರ್ ಆಟೋ ತುಂಬುವ ತನಕ ಅಲುಗುತ್ತಿರಲಿಲ್ಲ. ಮಷಿನ್ ಸಿಗದಿದ್ದರೆ ಮಡಕಶಿರಕ್ಕೆ ವಾಪಸ್. ಅದು ಲೋಕನಾಥನ ಷರತ್ತು. ಕೆಟ್ಟವನಲ್ಲ ಅವನು. ತಂಗಿಯನ್ನು ಕೇಳುವ ಮೊದಲೇ ಅವಳ ಬಗ್ಗೆ ತೀರ್ಮಾನ ಮಾಡಿ ಮುಗಿಸಿರುತ್ತಿದ್ದ.

ಮರುದಿನ ಬೆಲ್ಲಿಗೆ ಮೊದಲೇ ಬಂದಳು. ಗೇಟು ದಾಟುವಾಗ ಚೈನು ಪ್ಯಾಂಟಿನ ಅಂಚನ್ನು ಕಚ್ಚಿಕೊಂಡಿತು.

ಒಂಟಿಕಾಲಿನಲ್ಲಿ ನಿಂತು ಎಳೆದಾಡುವಾಗ ಎದುರಿಗೆ ಯಾರು ಬರಬೇಕು? ಹೆಗಲ ಮೇಲೆ ಬಂಡಲ್ ಹೊತ್ತ ಅದೇ ನೀಲಿ ಹುಬ್ಬು. ಅವನೂ ಇಲ್ಲೇ ಕೆಲಸಕ್ಕಿದ್ದ. ಮಾರೇಶ್ ಎಂದು ಹೆಸರು. ಕತ್ತರಿಸಿದ ಬಟ್ಟೆಯ ಬಂಡಲ್‌ಗಳನ್ನು ಟೈಲರ್‌ಗಳಿಗೆ ಹಂಚುವವನು.

"ಒಂದೇ ಒಂದು ಮಾತು ಆಡಿದ್ರೆ ನೋಡಿ..." ಎಂದಳು.

ಅವನು ಆಡಲಿಲ್ಲ. ಬಂಡಲ್ ಇಳಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆ ಬಿಡಿಸಿ, ಬಂಡಲ್ ಹೊತ್ತು ಹೋದ. ಮಾತಾಡಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಅವಳು ಜೀನ್ಸ್ ಚೂರೊಂದರಿಂದ ಅಗಲವಾದ ಪಟ್ಟಿ ಹೊಲಿದು ಗುಂಡಿ ಹಾಕಿದಳು. ಕಣಕಾಲಿಗೆ ಬಿಗಿದರೆ ಪ್ಯಾಂಟು ಚೈನಿನ ಹತ್ತಿರ ಸುಳಿಯುತ್ತಿರಲಿಲ್ಲ. ಸಂಜೆ ಅದನ್ನು ಕಂಡ ಮಾರೇಶ್, "ನಾ ಹೇಳಿದ ಕವರ್‌ಗಿಂತ ಇದು ಛಲೋ ಅದರಿ" ಎಂದ.

ಅವಳು ಪೆಡಲ್ ತುಳಿದು ಹೊರಟುಬಿಟ್ಟಳು. ನಗು ಬಂದದ್ದು ಅವನಿಗೆ ಕಾಣಬಾರದಿತ್ತು. ಯಾಕೆ ಬಂತು ಈ ಹಾಳು ನಗು?

ಪೀಡೆ ಅಲ್ಲಿಗೆ ಮುಗಿಯಲಿಲ್ಲ.

ಯೂನಿಟ್ಟಿನ ಅಂಗಳ ಇಕ್ಕಟ್ಟು. ವ್ಯಾನು ಬಂದಾಗ ಸೈಕಲ್‌ಗಳನ್ನು ಸರಿಸಬೇಕು, ಹಾಗಾಗಿ ಯಾರೂ ಬೀಗ ಹಾಕುವಂತಿಲ್ಲ ಎಂದು ವಾಚ್‌ಮನ್ ಗಂಗಣ್ಣನ ಕಟ್ಟಪ್ಪಣೆ. ಆರಿಸಿ ತಂದ ಸರಪಳಿ ಡಬ್ಬಿಯ ಚೀಲದಲ್ಲೇ ಉಳಿಯಿತು. ಇಸ್ತ್ರಿ ಮಾಡುವವರು ಅವಳ ಸೈಕಲ್ ಹತ್ತಿ ಟೀ ಕುಡಿಯಲು ಹೋಗುತ್ತಿದ್ದರು. ಒಮ್ಮೆ ಗಾಳಿ ಇರಲಿಲ್ಲ. ಒಮ್ಮೆ ಸೈಕಲ್ಲಿನ ಬೆಲ್ಲೇ ಇರಲಿಲ್ಲ. ಕೇಳಿದರೆ, ಏನವ್ವಾ, ಸೈಕಲ್ಲೇನು ಸವೀತದಾ ಎಂಬ ಉತ್ತರ.

ಆಮೇಲೆ ಒಂದು ದಿನ ಹ್ಯಾಂಡಲ್ಲಿಗೆ ಹಳದಿ ಬಟ್ಟೆಯ ಪಟ್ಟಿಯೊಂದು ಕಟ್ಟಿತ್ತು. ಅಂದಿನಿಂದ ಸೈಕಲ್ಲನ್ನು ಯಾರೂ ಮುಟ್ಟಲಿಲ್ಲ.

ಯಾಕೆಂದು ಹೇಳಿದವಳು ಪಕ್ಕದಲ್ಲಿ ದಾರ ಕತ್ತರಿಸುವ ಸುಜಾತಾ. ಯೂನಿಟ್ಟಿನಲ್ಲಿ ಒಬ್ಬೊಬ್ಬ ಟೈಲರ್‌ಗೂ, ಬಂಡಲ್ ಹಂಚುವವರಿಗೂ ಒಂದೊಂದು ಬಣ್ಣ. ಬಂಡಲ್ಲಿಗೆ ಯಾರ ಬಣ್ಣದ ಪಟ್ಟಿ ಕಟ್ಟಿದೆಯೋ ಅದು ಅವರದು, ಬೇರೆಯವರು ಕೈ ಹಚ್ಚುವಂತಿಲ್ಲ. ಹಳದಿ ಮಾರೇಶನದು.

"ಒಟ್ಟಿನಾಗ ನೀನು ಮಾರೇಶನ ಬಂಡಲ್ ಆದಿ ಅಂತಾತು" ಎಂದು ಸುಜಾತಾ ಕಣ್ಣು ಹೊಡೆದಳು. ಸಾಲಿಗೆ ಸಾಲೇ ನಕ್ಕಿತು.

ಟೀ ಬಿಡುವಿನಲ್ಲಿ ಪ್ರಸನ್ನಲಕ್ಷ್ಮಿ ಕತ್ತರಿ ಹಿಡಿದೇ ಅಂಗಳಕ್ಕೆ ಬಂದಳು. ಎಲ್ಲರೂ ನೋಡುತ್ತಿರುವಂತೆಯೇ ಹಳದಿ ಪಟ್ಟಿ ಕತ್ತರಿಸಿ ಮಾರೇಶನ ಮುಂದೆ ಎಸೆದಳು.

"ನನ್ನ ಸೈಕಲ್ಲು ಯಾರ ಬಂಡಲ್ಲೂ ಅಲ್ಲ. ನಾನೂ ಅಲ್ಲ."

ಅವನ ಮುಖ ಚಿಕ್ಕದಾಯಿತು. ಪಟ್ಟಿಯನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋದ.

ಆದರೆ ಬರಿ ಹ್ಯಾಂಡಲ್ ಬಿಟ್ಟರೆ ಇಸ್ತ್ರಿಯವರು ಮತ್ತೆ ಶುರು. ಮಡಕಶಿರದಲ್ಲಿ ಅವ್ವ ದೃಷ್ಟಿಯಾಗದಿರಲೆಂದು ಹೊಸ ವಸ್ತುವಿಗೆಲ್ಲ ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಯೂನಿಟ್ಟಿನಲ್ಲಿ ಯಾರದೂ ಕೆಂಪು ಬಣ್ಣವಲ್ಲ ಎಂಬುದನ್ನು ಪ್ರಸನ್ನಲಕ್ಷ್ಮಿ ಗಮನಿಸಿದ್ದಳು. ಯಾಕೆ ಅಲ್ಲವೆಂದು ಮಾತ್ರ ಕೇಳಲು ಹೋಗಲಿಲ್ಲ. ಚೆಕಿಂಗ್ ಟೇಬಲ್ಲಿನಿಂದ ಒಂದು ಕೆಂಪು ಪಟ್ಟಿ ತಂದು ಬಿಗಿಯಾಗಿ ಕಟ್ಟಿದಳು.

ಶನಿವಾರ ಸಂಜೆ ಹೊರಗೆ ಬಂದರೆ ಸೈಕಲ್ ನಿಲ್ಲಿಸಿದ್ದ ಜಾಗ ಖಾಲಿ!

ಗೋಡೆಯ ಹಿಂದೆ ನೋಡಿದಳು. ಇಸ್ತ್ರಿಯವರನ್ನು ಕೇಳಿದಳು. ಯಾರಿಗೂ ಗೊತ್ತಿಲ್ಲ. ಸೋಮವಾರದಿಂದ ಮತ್ತೆ ಶೇರ್ ಆಟೋ, ಮತ್ತೆ ತಡ... ಕಿಟಕಿ ಪಕ್ಕದ ಮಷಿನ್ ಕಣ್ಣೆದುರೇ ಜಾರುತ್ತಿತ್ತು. ಅದರ ಹಿಂದೆ ಅಣ್ಣನ ದನಿ: ನಾನು ಹೇಳಲಿಲ್ವಾ?

ಮಾರೇಶ್ ತನ್ನ ಎತ್ತರದ ಕರಿ ಸೈಕಲ್ ತಳ್ಳಿಕೊಂಡು ಬಂದ.

"ನಿಮ್ದೇ ಕೆಲಸ ಇದು. ಪಟ್ಟಿ ಕತ್ತರಿಸಿದ್ದಕ್ಕೆ ಸೇಡು. ಕಳ್ಳತನ ಮಾಡೋಷ್ಟು ಸಣ್ಣೋರು ಅಂತ ಗೊತ್ತಿರಲಿಲ್ಲ."

ಗೇಟಿನತ್ತ ಹೊರಟಿದ್ದವರೆಲ್ಲ ನಿಂತರು. ಮಾರೇಶ್, "ಯಾವಾಗ ಹೋತ್ರಿ?" ಎಂದಷ್ಟೇ ಕೇಳಿದ. ಅವಳು ಮುಖ ತಿರುಗಿಸಿದಳು. ಅವನು ಗೇಟಿನ ಬಳಿ ಗಂಗಣ್ಣನ ಹತ್ತಿರ ಏನೋ ಮಾತಾಡಿ, ಸೈಕಲ್ ಹತ್ತಿ ಹೊರಟುಹೋದ.

ಓಡಿಹೋದ ನೋಡು. ಅವಳ ಕಣ್ಣು ತುಂಬಿತು. ಬೇರೆ ಯಾರೇ ಕದ್ದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ... ಯಾಕೋ.

ಗೇಟಿಗೆ ಬಂದಾಗ ಗಂಗಣ್ಣ ತಲೆ ಕೆರೆದುಕೊಳ್ಳುತ್ತಿದ್ದ.

"ಆ ನೀಲಿ ಸೈಕಲ್ ನಿಂದೇನವ್ವಾ? ಕೆಂಪು ಪಟ್ಟಿ ಕಟ್ಟಿತ್ತಲ್ಲ. ಕೆಂಪು ಅಂದ್ರ ಡ್ಯಾಮೇಜ್. ಶನಿವಾರ ಗುಜರಿಯವರು ಬಂದು ಕೆಂಪು ಪಟ್ಟಿ ಇದ್ದದ್ದೆಲ್ಲ ಎತ್ತಿಕೊಂಡು ಹೋಗ್ತಾರ. ನಾನೇ ಒಂದು ಕೈ ಹಚ್ಚಿದೆ. ಛಲೋ ಅದಲ್ಲ, ಯಾಕ ಒಗೀತಾರಪ್ಪ ಅಂತ ಅನ್ಕೊಂಡೆ ಕೂಡ."

ಅವಳು ಮಾರೇಶ್ ಹೋದ ರಸ್ತೆಯತ್ತ ತಿರುಗಿದಳು.

"ಮಾರೇಶಗೂ ಇದನ್ನ ಹೇಳಿದೆ. ಕೇಳಿದವನೇ ಬೆಳುಗುಪ್ಪ ರಸ್ತೆ ಹಿಡಿದ. ಗುಜರಿ ಗೋಡಾನು ಆ ಕಡೆನ ಅಲ್ಲೇನು."

ಬೆಳುಗುಪ್ಪ ಕಡೆಯ ಶೇರ್ ಆಟೋ ಹತ್ತಿ ಕೂತಳು. ಅದು ಅಲುಗಲಿಲ್ಲ. ಇನ್ನೂ ಇಬ್ಬರು ಬರಲಿ ಎಂದ ಡ್ರೈವರ್. ಬೇರೆ ದಿನವಾಗಿದ್ದರೆ ಜಗಳ ಆಡುತ್ತಿದ್ದಳು. ಇಂದು ಇಳಿದು ನಡೆದಳು, ಆಮೇಲೆ ಓಡಿದಳು. ಕೋಟೆಗುಡ್ಡದ ನೆರಳು ರಸ್ತೆಗೆ ಇಳಿಯುತ್ತಿತ್ತು. ಎಲ್ಲರ ಮುಂದೆ ಕಳ್ಳ ಅಂದೆನಲ್ಲ... ಹೇಗೆ ಮುಖ ತೋರಿಸುವುದು?

ಗೋಡಾನಿನ ಮುಂದೆ ಅವಳ ಸೈಕಲ್ ತಲೆಕೆಳಗಾಗಿ ನಿಂತಿತ್ತು. ಮುಂದಿನ ಚಕ್ರ ಆಗಲೇ ಬಿಚ್ಚಿದ್ದರು. ಮಾರೇಶ್ ನೆಲದ ಮೇಲೆ ಕೂತು ಅದನ್ನು ಮತ್ತೆ ಕೂರಿಸುತ್ತಿದ್ದ. ಕೆಂಪು ಪಟ್ಟಿ ಇನ್ನೂ ಹ್ಯಾಂಡಲ್ಲಿಗೇ ಇತ್ತು. ಗುಜರಿಯವನು ತೆಲುಗಿನಲ್ಲಿ ಗೊಣಗುತ್ತಲೇ ಇದ್ದ. ರಾಶಿಯಲ್ಲಿ ಬಂದದ್ದು ವಾಪಸ್ ಕೊಡುವ ಪದ್ಧತಿಯೇ ಇಲ್ಲವಂತೆ. ಮಾರೇಶ್ ನಾಗರತ್ನಳಿಗೆ ಫೋನ್ ಮಾಡಿ ಹೇಳಿಸಿದ್ದಕ್ಕೆ, ಮುಂದಿನ ವಾರ ಎರಡು ಮುರುಕು ಸ್ಟೂಲು ಹೆಚ್ಚಿಗೆ ಸಿಗುತ್ತವೆಂದದ್ದಕ್ಕೆ ಬಿಟ್ಟಿದ್ದಂತೆ.

"ಕೆಂಪು ನಾನೇ ಕಟ್ಟಿದ್ದು," ಎಂದಳು.

"ಗೊತ್ತಾತ್ರಿ."

"ನಿಮ್ಮನ್ನ ಏನೇನೋ ಅಂದೆ. ತಪ್ಪಾಯ್ತು."

ಅವನು ನಟ್ಟು ತಿರುಗಿಸುತ್ತಲೇ ಇದ್ದ. ಆಮೇಲೆ ಕೈ ನಿಲ್ಲಿಸಿದ.

"ನಂದೂ ಒಂದು ತಪ್ಪದರಿ. ಹಳದಿ ಪಟ್ಟಿ... ಬರೇ ಸೈಕಲ್ ಉಳೀಲಿ ಅಂತ ಕಟ್ಟಲಿಲ್ಲ. ಮಂದಿ ಏನಂತಾರ ಅಂತ ನನಗ ಗೊತ್ತಿತ್ತು. ಅನ್ಲಿ ಅಂತನ ಕಟ್ಟಿದೆ."

ಎದೆ ಒಮ್ಮೆ ಹೊಡೆದುಕೊಂಡಿತು. ಅದರ ಹಿಂದೆಯೇ ಸಿಟ್ಟು. ಕ್ಷಮೆ ಕೇಳಲು ಓಡಿಬಂದವಳಿಗೆ ಮತ್ತೆ ಸಿಟ್ಟು ಬರಿಸುತ್ತಾನಲ್ಲ ಈ ಮನುಷ್ಯ...

"ಅಂದ್ರೆ ಯೂನಿಟ್ಟಿಗೆಲ್ಲ ಗೊತ್ತಾದ್ಮೇಲೆ ನಂಗೆ ಗೊತ್ತಾಗ್ಬೇಕಿತ್ತಾ?"

"ನಿಮ್ಮನ್ನ ಕೇಳಾಕ ಧೈರ್ಯ ಬರಲಿಲ್ರಿ."

"ಸೈಕಲ್ ಅಂಗಡೀಲಿ ಕೇಳ್ದೆ ಇದ್ರೂ ಹೇಳೋಕೆ ಧೈರ್ಯ ಇತ್ತು. ಕೇಳೋಕೆ ಇಲ್ವಾ? ನಮ್ಮಣ್ಣನೂ ಹಿಂಗೇ. ನನ್ನ ಒಳ್ಳೇದಕ್ಕೇ ಅಂತ ಎಲ್ಲಾ ಅವನೇ ಮುಗಿಸಿರ್ತಾನೆ. ಇನ್ನೊಬ್ಬ ಅಂಥೋನು ನಂಗೆ ಬೇಡ."

ಮಾರೇಶ್ ಗ್ರೀಸ್ ಮೆತ್ತಿದ ಸ್ಪ್ಯಾನರ್ ಅವಳತ್ತ ಚಾಚಿದ.

"ಇದೊಂದು ನಟ್ಟು ಉಳಿದದ. ನೀವು ಬಿಗಿ ಮಾಡ್ತೀರೇನು? ನಾನ ಮಾಡ್ಲೇನು?"

ಅವನು ಅವಳ ಇಷ್ಟವನ್ನು ಕೇಳಿದ್ದು ಅದೇ ಮೊದಲು. ಅವಳು ಸ್ಪ್ಯಾನರ್ ತೆಗೆದುಕೊಂಡಳು. ನಟ್ಟು ಬಿಗಿ ಮಾಡಿದಳು. ಕೆಂಪು ಪಟ್ಟಿಯನ್ನೂ ತಾನೇ ಬಿಚ್ಚಿದಳು.

ಊರಿನ ತನಕ ಇಬ್ಬರೂ ಸೈಕಲ್ ತುಳಿದರು. ಏರಿನಲ್ಲಿ ಅವಳೇ ಮುಂದಾದಳು.

ಸೋಮವಾರ ಅವಳು ಇಡೀ ಸಾಲಿನ ಮುಂದೆ, ಮಾರೇಶ ಕದ್ದಿರಲಿಲ್ಲ, ತಪ್ಪು ನನ್ನದು ಎಂದು ಹೇಳಿದಳು. ಸುಜಾತಾ ಕೂಡ ನಗಲಿಲ್ಲ. ತಿಂಗಳು ಮುಗಿಯುವವರೆಗೆ ಪ್ರಸನ್ನಲಕ್ಷ್ಮಿ ಬೆಲ್ಲಿಗೆ ಮೊದಲೇ ಬಂದಳು. ಮಾರೇಶ್ ದಿನಾ ತಲೆಯಾಡಿಸುತ್ತಿದ್ದ, ಮಾತಾಡುತ್ತಿರಲಿಲ್ಲ. ಬುದ್ಧಿ ಹೇಳು ಅಂದರೂ ಹೇಳದವನ ಹಾಗಾಗಿದ್ದ. ಅದೂ ಒಂದು ಕಿರಿಕಿರಿಯೇ. ತನ್ನ ಸೈಕಲ್ಲಿನ ಹಿಂದಿನ ಬ್ರೇಕು ಕಿರುಗುಡುತ್ತಿರುವುದು ಇವನಿಗೆ ಕೇಳಿಸುವುದಿಲ್ಲವೇ? ಒಂದು ಮಾತು ಅನ್ನಬಾರದೇ?

ಕಿಟಕಿ ಪಕ್ಕದ ಮಷಿನ್ನು ಅವಳಿಗೇ ಬಂತು. ಅಣ್ಣನಿಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು. ಸರಿ, ಸೈಕಲ್ ಹುಷಾರು ಎಂದ ಅವನು. ನಾಗರತ್ನ ಪಟ್ಟಿಗಳ ಡಬ್ಬ ಮುಂದಿಟ್ಟು, ನಿನ್ನ ಬಣ್ಣ ಆರಿಸಿಕೋ ಎಂದಳು. ಪ್ರಸನ್ನಲಕ್ಷ್ಮಿ ನವಿಲು ಬಣ್ಣದ್ದನ್ನು ತೆಗೆದುಕೊಂಡಳು.

ಟೀ ಬಿಡುವು. ಅಂಗಳದಲ್ಲಿ ಎಲ್ಲರೂ ಇದ್ದರು. ಅವಳು ನೇರವಾಗಿ ಆ ಎತ್ತರದ ಕರಿ ಸೈಕಲ್ಲಿನ ಹತ್ತಿರ ಹೋಗಿ ನಿಂತಳು. ಕೈಯಲ್ಲಿ ನವಿಲು ಬಣ್ಣದ ಪಟ್ಟಿ.

"ಕಟ್ಟಲಾ?"

ಮಾರೇಶನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಮಂದಿ ಏನಂತಾರ, ಗೊತ್ತದೇನ್ರಿ?"

"ಗೊತ್ತು. ಅದಕ್ಕೇ ಮೊದಲು ನಿಮ್ಮನ್ನ ಕೇಳ್ತಿರೋದು."

ನೀಲಿ ಹುಬ್ಬಿನ ಕೆಳಗೆ ಆ ಕಣ್ಣು ತೇವವಾದದ್ದನ್ನು ಅವಳು ನೋಡಿದಳು.

"ಕಟ್ರಿ," ಎಂದ ಮೆಲ್ಲಗೆ.

ಕಟ್ಟಿದಳು. ಯಾರೋ ಶಿಳ್ಳೆ ಹೊಡೆದರು. ಅವಳು ತಲೆ ತಗ್ಗಿಸಲಿಲ್ಲ.

"ಸಂಜಿಗೆ..." ಎಂದು ಅವನು ತಡವರಿಸಿದ. "ಕೋಟೆಗುಡ್ಡದ ಕಡೆ ಸೈಕಲ್ ಮ್ಯಾಲೆ ಸುಮ್ಮನ ಒಂದು ಸುತ್ತು ಹೋಗೋಣೇನು?"

"ಬುದ್ಧಿಮಾತಾ, ಪ್ರಶ್ನೆನಾ?"

"ಪ್ರಶ್ನೆರಿ."

"ಹಂಗಾದ್ರೆ ಬತ್ತೀನಿ."