ನಾಲ್ಕನೆಯ ಮೆಟ್ಟಿಲಿಗೆ ರೂಪವಿಲ್ಲ

ಮೊದಲೇ ಕೈಮುಗಿದು ಹೇಳುತ್ತೇನೆ, ಕತೆ ಹೇಳುವುದು ನನಗೆ ಹೊಸದು. ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಕಾಲದ ಹಿಂದೆ ಓಲೆಗೇರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಒಂದು ಮಾಯಾಹಲಗೆ. ಮಾಯಾಹಲಗೆ ಎಂದರೆ, ಬರೆದದ್ದನ್ನು ತಾನೇ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಳ್ಳುವ ಹಲಗೆ. ಮೊದಲ ಮೆಟ್ಟಿಲು ಮನುಷ್ಯರದು: ಅಂಚಿಗೆ ತಾಗಿದ ದಪ್ಪ ಕೆಂಪಕ್ಷರ. ಅವರವರ ಹೆಸರಿನ ಕೆಳಗೆ, ಒಂದು ಬೆರಳು ಒಳಗೆ, ಅವರವರ ಪ್ರಾಣಿಗಳು. ಪ್ರಾಣಿಯ ಕೆಳಗೆ, ಇನ್ನೊಂದು ಬೆರಳು ಒಳಗೆ, ಅದರ ಮೈಮೇಲೆ ರಕ್ತ ಹೀರುವ ಉಣ್ಣೆಹುಳುಗಳು. ಅವಕ್ಕೆ ಎಳ್ಳಿನಂಥ ಅಕ್ಷರ. ನಾಲ್ಕನೆಯ ಮೆಟ್ಟಿಲಿಗೆ ಅಕ್ಷರ ಎಷ್ಟು ದಪ್ಪ, ಅಂಚು ಎಷ್ಟು ದೂರ ಎಂಬ ರೂಪವನ್ನು ಯಾರೂ ಬರೆದಿರಲಿಲ್ಲ; ಅಲ್ಲಿಗೆ ಬಿದ್ದದ್ದು ಕಾಣುತ್ತಲೇ ಇರಲಿಲ್ಲ. ಹಲಗೆಯಲ್ಲಿ ಹೇಗೋ ರಾಜ್ಯದಲ್ಲೂ ಹಾಗೇ. ಹೆಸರು ಕುಗ್ಗಿದರೆ ಜೀವವೂ ಕುಗ್ಗುತ್ತಿತ್ತು. ಪ್ರಾಣಿಯ ಕೆಳಗಿನ ಹೆಸರನ್ನು ಅದರ ಒಡೆಯರಲ್ಲದೆ ಬೇರಾರೂ ಹೊರಗೆಳೆಯಲಾಗದು.

ಹಲಗೆಯನ್ನು ಕಾಯುವವಳು ಸೋವಲೆ. ಒಂದು ಸಂಜೆ ಧೂಮಕಂಠನೆಂಬ ಮಾಂತ್ರಿಕ ತನ್ನ ತೋಳದೊಡನೆ ಒಳನುಗ್ಗಿದ. ಹಲಗೆಯ ಮೇಲೆ ಉಫ್ ಎಂದು ಊದಿದ. ಸೋವಲೆಯ ತಂಗಿ ಚಿಕ್ಕವ್ವೆಯ ಹೆಸರು ಜಾರಿ ತೋಳದ ಕೆಳಗೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಎಳ್ಳಿನಷ್ಟಾಗಿ ತೋಳದ ಕೂದಲಲ್ಲಿ ಸಿಕ್ಕಿಕೊಂಡಳು.

"ಅಕ್ಕಾ!" ಎಂದಿತು ಸೊಳ್ಳೆಯಂಥ ದನಿ.

"ರಾಜನ ಹೆಸರು ನನ್ನ ಉಸಿರಿಗೆ ಅಲ್ಲಾಡದು, ನಿನ್ನ ಲೇಖನಿಗೇ ಅಲ್ಲಾಡೋದು," ಎಂದ ಧೂಮಕಂಠ. "ಮೂರನೇ ಗಂಟೆ ಹೊಡೆಯೋದರೊಳಗೆ ಅವನನ್ನ ನನ್ನ ಕೆಳಗೆ ಬರಿ. ಇಲ್ಲವೋ, ತಂಗೀನ ಉಣ್ಣೆ ಕೆಳಗೆ ಊದ್ತೀನಿ. ಅದು ನಾಲ್ಕನೇ ಮೆಟ್ಟಿಲು. ಆಮೇಲೆ ಹುಡುಕ್ಕೋ ತಾಯೀ!"

ಮೊದಲ ಗಂಟೆ ಹೊಡೆಯಿತು. ಸೋವಲೆ ಮೂರನೆಯ ಮೆಟ್ಟಿಲಿನ ಅಕ್ಷರವನ್ನು ದಪ್ಪ ಮಾಡಿದಳು. ತಂಗಿ ಬೆಳೆದಳು. ಆದರೆ ರೂಪ ಹೆಸರಿಗಲ್ಲ, ಮೆಟ್ಟಿಲಿಗೆ ಸೇರಿದ್ದು. ರಾಜ್ಯದ ಉಣ್ಣೆಗಳೆಲ್ಲ ಎಮ್ಮೆಗಾತ್ರ ಊದಿಕೊಂಡವು. ಬೀದಿಯಲ್ಲಿ ಚೀರಾಟವೆದ್ದಿತು. ಅವಳು ಅಳುತ್ತ ಅಕ್ಷರವನ್ನು ಮತ್ತೆ ಸಣ್ಣದು ಮಾಡಿದಳು.

ಎರಡನೆಯ ಗಂಟೆ ಹೊಡೆಯಿತು. ಸೋವಲೆ ಮಾಂತ್ರಿಕನ ಹೆಸರನ್ನೇ ಒಂದು ಬೆರಳು ಒಳಗೆ ತಳ್ಳಿದಳು. ಅವನ ಹಿಂದೆ ತೋಳವೂ, ತೋಳದ ಹಿಂದೆ ತಂಗಿಯೂ ಒಳಗೆ ಸರಿದರು. "ಅಕ್..." ಎಂದು ದನಿ ನಿಂತೇಹೋಯಿತು. ಸೋವಲೆ ಗಾಬರಿಯಿಂದ ಹಿಂದಕ್ಕೆಳೆದಳು.

ಧೂಮಕಂಠ ಹೊಟ್ಟೆ ಹಿಡಿದು ನಕ್ಕ. "ತಳ್ಳು, ಇನ್ನೂ ತಳ್ಳು! ನಾನು ಹೋದಲ್ಲಿಗೆ ಅವಳೂ ಬರ್ತಾಳೆ."

ಮೇಲಿನವರು ಹೋದಲ್ಲಿಗೆ ಕೆಳಗಿನವರು. ಹಾಗಾದರೆ ತೋಳ ಹೋದಲ್ಲಿಗೂ ತಂಗಿ! ಸೋವಲೆ ಕಣ್ಣುಮುಚ್ಚಿ, ತೋಳದ ಹೆಸರನ್ನು ತನ್ನ ಹೆಸರಿನ ಕೆಳಗೆ ಎಳೆದುಕೊಂಡಳು. ತೋಳ ಅವಳ ಮೇಲೆ ಹಾರಿತು. ಬಿಸಿಯುಸಿರು ಕುತ್ತಿಗೆಗೆ ತಾಗಿತು. ಆಮೇಲೆ ಒದ್ದೆ ನಾಲಿಗೆಯೊಂದು ಕೈ ನೆಕ್ಕಿತು. ಈಗ ಅವಳೇ ಅದರ ಒಡತಿಯಲ್ಲವೇ! ತಂಗಿಯ ಹೆಸರನ್ನು ಎರಡು ಬೆರಳು ಹೊರಗೆಳೆದಳು. ಚಿಕ್ಕವ್ವೆ ಮೊದಲಿನಷ್ಟೇ ಎತ್ತರವಾಗಿ ಎದುರು ನಿಂತಳು.

"ಬೇಡ ತಾಯೀ!" ಎಂದ ಧೂಮಕಂಠ.

ಮೂರನೆಯ ಗಂಟೆ ಹೊಡೆಯಿತು. ಸೋವಲೆ ಅವನ ಹೆಸರನ್ನು ತೋಳದ ಉಣ್ಣೆಯ ಕೆಳಗೆ ತಳ್ಳಿದಳು. ಅವನು ನಿಂತ ಜಾಗ ಬರಿದಾಯಿತು.

ಆಮೇಲೆ ಎಲ್ಲರೂ ತಮ್ಮ ತಮ್ಮ ಎತ್ತರದಲ್ಲಿ ಸುಖವಾಗಿ ಬಾಳಿದರು. ನಾಲ್ಕನೆಯ ಮೆಟ್ಟಿಲಿಗೆ ಮಾತ್ರ ಯಾರೂ ಎಂದೂ ರೂಪ ಬರೆಯಬಾರದೆಂದು ಸೋವಲೆ ಕಟ್ಟುಮಾಡಿದಳು. ಏಕೆಂದರೆ ಅವನು ಸತ್ತಿಲ್ಲ, ಕಾಣುವುದಿಲ್ಲ ಅಷ್ಟೆ. ಅಕ್ಷರ ಇಷ್ಟು ದಪ್ಪ, ಅಂಚು ಇಷ್ಟು ದೂರ ಎಂದು ಯಾರಾದರೂ ತಿಳಿಯದೆ ಬರೆದರೆ, ಆ ಗಳಿಗೆಯಲ್ಲೇ...

ಬಂದೆ, ಬಂದೆ! ಒಳಗಿನಿಂದ ಕೂಗುತ್ತಿದ್ದಾರೆ. ಆ ಗಳಿಗೆಯಲ್ಲೇ ಏನಾಗುತ್ತದೆಂದರೆ, ಅವನು ಮತ್ತೆ ಕಣ್ಣಿಗೆ ಕಾಣುವಂತಾಗಿ...