ದುನ್ಯಾಳಿಗೊಂದು ಅಗಲದ ಲೆನ್ಸ್

ತನ್ನ ಅಂಗಡಿಯ ಮಾಲನ್ನು ತಾನೇ ಹಳಿಯುವ ವ್ಯಾಪಾರಿಯನ್ನು ಕಾಣಬೇಕಿದ್ದರೆ ಆ ಚಳಿಗಾಲದಲ್ಲಿ ಸೆರ್ಬಿಯಾದ ನೋವಿ ಸಾದ್ ಊರಿನ ಲಾಜಾರ್‌ನನ್ನು ಕಾಣಬೇಕಿತ್ತು. ಹಳೆಯ ಕ್ಯಾಮೆರಾಗಳ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಶಿಶುವಿಹಾರದ ಟೀಚರ್ ದುನ್ಯಾ ಅಗಲದ ಲೆನ್ಸ್ ಹುಡುಕಿಕೊಂಡು ಬಂದ ದಿನದಿಂದ ಅವನಿಗೆ ಈ ರೋಗ ಅಂಟಿತ್ತು.

ತನ್ನ ಮಿತಿಯನ್ನು ಅವಳು ಬಂದ ಕೂಡಲೇ ಹೇಳಿಬಿಟ್ಟಿದ್ದಳು. ಇಪ್ಪತ್ತು ಸಾವಿರ ದಿನಾರ್, ಅದರ ಮೇಲೆ ಒಂದು ಕಾಫಿಗೂ ಕಾಸಿಲ್ಲ. ಅಜ್ಜಿಯ ಮನೆಯ ಊಟದ ಕೋಣೆ ಚಿಕ್ಕದು. ಮನೆದೇವರ ಹಬ್ಬದ ದಿನ ಮೇಜಿನ ಸುತ್ತ ಕೂತವರೆಲ್ಲ ಒಂದೇ ಫೋಟೋದಲ್ಲಿ ಬರಬೇಕು. ಹೋದ ವರ್ಷ ಚಿಕ್ಕಪ್ಪನ ಅರ್ಧ ಮುಖ ಹೋಗಿದ್ದಕ್ಕೆ ಅಜ್ಜಿ ಇನ್ನೂ ಕೊರಗುತ್ತಿದ್ದಳಂತೆ.

ಲಾಜಾರ್ ಅವಳ ಕ್ಯಾಮೆರಾಗೆ ಇಪ್ಪತ್ತೆಂಟು ಎಂಎಂನ ಲೆನ್ಸ್ ತೊಡಿಸಿಕೊಟ್ಟ; ಈ ಅಂಕಿ ಇಳಿದಷ್ಟೂ ನೋಟ ಅಗಲ. ಅವಳು ಒಂದು ಕಣ್ಣು ಮುಚ್ಚಿ ಅಂಗಡಿಯನ್ನೆಲ್ಲ ಸುತ್ತು ಹಾಕಿ, ಕೊನೆಗೆ ಕ್ಯಾಮೆರಾವನ್ನು ಅವನತ್ತ ತಿರುಗಿಸಿ ನಿಂತಳು. ಮುಚ್ಚಿದ ಕಣ್ಣಿನ ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಅದನ್ನು ನೋಡಿದ್ದೇ ತಡ, ಅವನ ವ್ಯಾಪಾರ ಕೆಟ್ಟಿತು.

“ನಿಮ್ಮ ಕಿವಿ ಕಟ್ ಆಗ್ತಿದೆ,” ಎಂದಳು, ತುಟಿಯಂಚಿನಲ್ಲಿ ನಗುತ್ತಾ.

“ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು. ಇದ್ರಲ್ಲಿ ಅರ್ಧ ಮೇಜಷ್ಟೇ ಬರೋದು. ಮುಂದಿನ ವಾರ ಬನ್ನಿ, ಇನ್ನೂ ಅಗಲದ್ದು ನೋಡೋಣ.”

ಅವಳು ಬಂದಳು. ರಷ್ಯದ ಹಳೆಯ ಇಪ್ಪತ್ತರ ಲೆನ್ಸಿಗೆ ಎದುರು ದೀಪವಿದ್ದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತಾಗುತ್ತದೆ ಎಂದ. ಮತ್ತೊಮ್ಮೆ ಬಂದಾಗ, ಮೀನುಗಣ್ಣಿನ ಲೆನ್ಸಿನಲ್ಲಿ ಅಜ್ಜಿಯ ಮೇಜು ದೋಣಿಯಂತೆ ಬಾಗುತ್ತದೆ ಎಂದ. ಹದಿನಾಲ್ಕರದ್ದು ಚಿನ್ನದಂಥದ್ದು, ಬೆಲೆಯೂ ಹಾಗೇ ಇತ್ತು. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಅವಳ ಬಜೆಟ್ಟಿಗೆ ಒಪ್ಪುವ ಹತ್ತು-ಹದಿನೆಂಟರ ಜೂಮ್ ಒಂದು ಕೆಳಗಿನ ಡ್ರಾಯರಿನಲ್ಲಿ ತೆಪ್ಪಗೆ ಮಲಗಿದ್ದ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ಕೊಟ್ಟರೆ ಅವಳು ಹೋಗುತ್ತಾಳೆ. ಲೆನ್ಸ್ ಸಿಕ್ಕ ಮೇಲೆ ಅಂಗಡಿಗೇನು ಕೆಲಸ?

ಅವಳಿಲ್ಲದ ದಿನಗಳು ಉದ್ದವಾಗಿದ್ದವು. ಬಾಗಿಲು ಕಿರುಗುಟ್ಟಿದರೆ ಎದೆ ಹಾರುತ್ತಿತ್ತು. ಬಂದವರು ಪಾಸ್‌ಪೋರ್ಟ್ ಫೋಟೋ ಕೇಳಿದರೆ ಅವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಉಳಿದಿದ್ದರೆ ಒರೆಸಲು ಮನಸ್ಸಾಗುತ್ತಿರಲಿಲ್ಲ. ಒಳಗೆ ಇಷ್ಟು ಆಸೆ ಇಟ್ಟುಕೊಂಡವನು ಅವಳೆದುರು ಬಾಯಿ ತೆರೆದರೆ ಬರುತ್ತಿದ್ದುದು ಬರೀ ಲೆನ್ಸಿನ ಮಾತು.

ಹಬ್ಬಕ್ಕೆ ವಾರವಿರುವಾಗ ಅವಳು ಕೌಂಟರಿಗೆ ಮೊಣಕೈ ಊರಿ ಎಲ್ಲವನ್ನೂ ವಿವರಿಸಿದಳು. ಹತ್ತೊಂಬತ್ತಕ್ಕೆ ಅವರ ಮನೆದೇವರು ಸಂತ ನಿಕೋಲಾನ ಹಬ್ಬ. ನದಿಯಾಚೆ ಪೆತ್ರೊವರಾದಿನ್ ಕೋಟೆಯ ಕೆಳಗಿನ ಹಳದಿ ಮನೆ, ಎರಡನೇ ಮಹಡಿ. ಬೆಲ್ ಕೆಟ್ಟಿದೆ, ಬಾಗಿಲು ಜೋರಾಗಿ ತಟ್ಟಬೇಕು. ಊಟಕ್ಕೆ ಕೂರುವುದು ಎರಡು ಗಂಟೆಗೆ.

“ಎರಡು ಗಂಟೆಗಾದ್ರೆ ಕಿಟಕಿ ಬೆಳಕೇ ಸಾಕು,” ಎಂದ ಲಾಜಾರ್.

ಅವಳು ಅವನ ಮುಖವನ್ನೇ ನೋಡಿದಳು. ಬೆಲ್ಲಿಗೂ ಲೆನ್ಸಿಗೂ ಏನು ಸಂಬಂಧವೋ ಅವನಿಗೆ ಹೊಳೆಯಲಿಲ್ಲ. ಇನ್ನು ಬಚ್ಚಿಡುವುದು ಪಾಪವೆನಿಸಿ ಡ್ರಾಯರ್ ಎಳೆದ. ಒಲ್ಲದ ಮನಸ್ಸಿನಿಂದ ಜೂಮನ್ನು ಅವಳ ಕೈಗಿಟ್ಟ.

“ಇದ್ರಲ್ಲಿ ಅಂಚಿಗೆ ಕೂತವ್ರ ಮುಖ ಕುಂಬಳಕಾಯಿ ಆಗುತ್ತೆ. ಇಷ್ಟದವ್ರನ್ನ ಮಧ್ಯೆ ಕೂರಿಸಿ.”

“ಕೂರಿಸ್ತೀನಿ, ಬಂದ್ರೆ,” ಎಂದು ಅವಳು ಹೊರಟಳು.

ಯಾರು ಬಂದರೆ? ಆ ವಾರವೆಲ್ಲ ಲಾಜಾರ್ ಆ ಕಾಣದ ಗಂಡಸನ್ನು ಶಪಿಸಿದ. ಅವನಿಗೆ ಮೀಸೆಯಿದೆಯೆಂದೂ ಕಾರಿದೆಯೆಂದೂ ತಾನೇ ಕಲ್ಪಿಸಿಕೊಂಡು ಹೊಟ್ಟೆ ಉರಿಸಿಕೊಂಡ.

ಹಬ್ಬದ ದಿನ ಅರ್ಧ ಊರು ಇನ್ನರ್ಧ ಊರಿನ ಮನೆಗೆ ಊಟಕ್ಕೆ ಹೊರಟಿತ್ತು. ಅಂಗಡಿಯ ಯಜಮಾನ ರಾದಿಶಾ ಮಾಮ ತಾನೂ ಕೋಟು ತೊಟ್ಟು, ಹುಡುಗನ ಜೋಲು ಮೋರೆ ಕಂಡು ವಿಚಾರಿಸಿದ. ಲಾಜಾರ್ ಹಳದಿ ಮನೆ, ಬೆಲ್ಲು, ಎರಡು ಗಂಟೆ, ಮೀಸೆಯವನು, ಎಲ್ಲವನ್ನೂ ಕಕ್ಕಿದ. ನನ್ನನ್ನಂತೂ ಅವಳು ಕರೆಯಲಿಲ್ಲ ಎಂದ.

“ಮನೆದೇವ್ರ ಹಬ್ಬಕ್ಕೆ ಯಾರಾದ್ರೂ ಕರೀತಾರೇನೋ ಪೆದ್ದ?” ರಾದಿಶಾ ಮಾಮ ತಲೆ ಚಚ್ಚಿಕೊಂಡ. “ದಿನ ಹೇಳಿದ್ಲು, ಮನೆ ಹೇಳಿದ್ಲು, ಊಟದ ಹೊತ್ತೂ ಹೇಳಿದ್ಲು. ಇನ್ನೇನು, ಕಿವಿ ಹಿಡಿದು ಎಳ್ಕೊಂಡು ಹೋಗ್ಬೇಕಿತ್ತಾ?”

ದಿನ ತಿಳಿದವರು ತಾವಾಗಿ ಬರಬೇಕು, ಬಾಯಿಬಿಟ್ಟು ಕರೆಯಬಾರದು. ತೊಟ್ಟಿಲಲ್ಲಿದ್ದಾಗಿನಿಂದ ಕಂಡ ಪದ್ಧತಿ. ಲೆನ್ಸಿನ ಗುಂಗಿನಲ್ಲಿ ಅದೇ ಮರೆತಿತ್ತು. ಗಡಿಯಾರ ನೋಡಿದರೆ ಎರಡು ದಾಟಿದೆ. ಅವನು ಒಂದು ಬಾಟಲಿ ವೈನು, ಒಂದು ಪೊಟ್ಟಣ ಕಾಫಿಪುಡಿ ಹಿಡಿದು ಡ್ಯಾನ್ಯೂಬ್ ಸೇತುವೆಯ ಮೇಲೆ ಓಡಿದ. ಇಷ್ಟು ಹೊತ್ತಿಗೆ ಅವಳು ಆಸೆ ಬಿಟ್ಟಿರುತ್ತಾಳೆ ಎನ್ನುವ ಭಯ ಚಳಿಗಾಳಿಗಿಂತ ಚುರುಕಾಗಿ ಕೊರೆಯುತ್ತಿತ್ತು.

ಬಾಗಿಲು ತೆರೆದವಳು ದುನ್ಯಾ. ಹಬ್ಬಕ್ಕೆ ಬಂದವರಿಗೆ ಮೊದಲು ಕೊಡುವ ಬೇಯಿಸಿದ ಗೋಧಿಯ ಬಟ್ಟಲು ಮುಂದೆ ಹಿಡಿದಳು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟ.

“ಮೀನಿನ ಸಾರು ಮೂರು ಸಲ ಬಿಸಿ ಮಾಡಿದೆ,” ಎಂದಳು. ಕಣ್ಣು ತುಂಬಿತ್ತು. “ಫೋಟೋ ಇನ್ನೂ ತೆಗೆದಿಲ್ಲ.”

ಅವನನ್ನು ಮೇಜಿನ ಮಧ್ಯೆ, ಅಜ್ಜಿಯ ಪಕ್ಕ ಕೂರಿಸಿ, ಟೈಮರ್ ಒತ್ತಿ ಓಡಿಬಂದು, ತಾನೂ ಅಲ್ಲೇ ಒತ್ತರಿಸಿಕೊಂಡಳು. ಅವಳ ಭುಜ ಅವನ ತೋಳಿಗೆ ತಾಗಿತು. ಫೋಟೋ ಆದ ಮೇಲೂ ಅವಳು ಸರಿಯಲಿಲ್ಲ.

ಹೊರಡುವಾಗ ಅವಳು ಮೆಟ್ಟಿಲವರೆಗೆ ಬಂದಳು. ಒಮ್ಮೆ ಬಂದ ಅತಿಥಿ ಪ್ರತಿ ವರ್ಷ ಬರಲೇಬೇಕು, ಅಜ್ಜಿಯ ಅಪ್ಪಣೆ ಎಂದಳು.

“ವರ್ಷಕ್ಕೊಂದ್ಸಲ ನಂಗೆ ಸಾಲಲ್ಲ, ದುನ್ಯಾ,” ಎಂದ ಲಾಜಾರ್. “ನೀವಿಲ್ದೆ ಒಂದು ವಾರ ತಳ್ಳೋದೇ ಸಾಕಾಗೋಯ್ತು. ನಿಮ್ಮನ್ನ ಅಷ್ಟು ಇಷ್ಟಪಡ್ತೀನಿ.”

ಅವಳು ಅವನ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಾಳೆ ಹಬ್ಬದ ಎರಡನೇ ದಿನ. ಮನೆಯವ್ರಷ್ಟೇ ಕೂತು ಉಳಿದಿದ್ದನ್ನ ತಿನ್ನೋದು. ಇವತ್ತಿಗೆ ಕರೀಬಾರ್ದಿತ್ತು, ಕರೀಲಿಲ್ಲ. ನಾಳೆಗೆ ಕರೀಬಹುದು,” ಎಂದು ತಲೆ ಎತ್ತಿದಳು. “ಕರೀತಿದ್ದೀನಿ. ಬಾ.”